ಶಿಲುಬೆಯ ಕಳ್ಳನ ಬಗ್ಗೆ ನಾನು ಕಲಿಸಿದ ಉತ್ತರ

ಬನಹಟ್ಟಿಯಲ್ಲಿ ಪವರ್‌ಲೂಮ್ ಶೆಡ್ಡಿನ ಮೇಲಿನ ಒಂದು ಕೋಣೆಯಲ್ಲಿ ಹನ್ನೊಂದು ವರ್ಷ ನಾನು ಸುವಾರ್ತೆ ಸಾರುವವರಿಗೆ ಪಾಠ ಹೇಳಿದೆ. ಜಮಖಂಡಿ, ಬೀಳಗಿ, ಮುಧೋಳ ಕಡೆಯಿಂದ ಏಳೆಂಟು ಮಂದಿ ಬರುತ್ತಿದ್ದರು. ಬೇರೆ ಪಂಗಡದವರು ಹೀಗೆ ಅಂದರೆ ಯಾವ ವಾಕ್ಯ ತೋರಿಸಬೇಕು, ಅವರು ಮತ್ತೊಂದು ವಾಕ್ಯ ತೆಗೆದರೆ ಅದನ್ನು ಹೇಗೆ ಮುರಿಯಬೇಕು, ಇದೇ ಪಾಠ. ಕೆಳಗೆ ಮಗ್ಗ ಹೊಡೆದುಕೊಳ್ಳುವ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ವಾಕ್ಯವನ್ನು ಮೆಲ್ಲಗೆ ಹೇಳುವುದನ್ನು ನಾವು ಅಲ್ಲೇ ಮರೆತೆವೋ ಏನೋ.

ಕೂಸಿನ ತಲೆಗೆ ನೀರು ಚಿಮುಕಿಸಿದರೆ ಅದು ದೀಕ್ಷಾಸ್ನಾನವಲ್ಲ, ತಿಳಿದು ನಂಬಿ ನೀರಲ್ಲಿ ಪೂರ್ತಿ ಮುಳುಗಬೇಕು, ಅದಿಲ್ಲದೆ ರಕ್ಷಣೆ ಇಲ್ಲ. ಇದು ನಮ್ಮ ಸಭೆಯ ಬೋಧನೆ. ಹಾಗಂದ ಕೂಡಲೇ ಎದುರಿನವರು ಕೇಳುವ ಪ್ರಶ್ನೆ ಒಂದೇ: ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಎಲ್ಲಿ ಮುಳುಗಿದ್ದ? ಸಾಯುವ ಗಳಿಗೆಯಲ್ಲಿ ನಂಬಿದ ಅವನನ್ನು ಯೇಸುಸ್ವಾಮಿ ಪರದೈಸಿಗೆ, ಅಂದರೆ ಸ್ವರ್ಗಕ್ಕೆ, ಕರಕೊಳ್ಳಲಿಲ್ಲವೇ? ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಕಳ್ಳ ಸತ್ತದ್ದು ದೀಕ್ಷಾಸ್ನಾನದ ಅಪ್ಪಣೆ ಆಗುವ ಮೊದಲು, ನಾವು ಅಪ್ಪಣೆ ಆದಮೇಲೆ ಹುಟ್ಟಿದವರು. ಅವನಿಗೆ ಸಿಕ್ಕ ರಿಯಾಯಿತಿ ನಮಗಿಲ್ಲ. ಈ ಉತ್ತರವನ್ನು ನನ್ನ ಶಿಷ್ಯರಲ್ಲಿ ಎಲ್ಲರಿಗಿಂತ ಚೊಕ್ಕಾಗಿ ಹೇಳುತ್ತಿದ್ದವನು ಒಬ್ಬ ನೇಕಾರ. ನಲವತ್ತು ದಾಟಿದವನು, ತಡವರಿಸದವನು. ಮುಧೋಳದ ಸಣ್ಣ ಸಭೆಯನ್ನು ಅವನ ಕೈಗೆ ಒಪ್ಪಿಸಿದವನು ನಾನೇ.

ಅದೇ ಮುಧೋಳದಲ್ಲಿ ನನ್ನ ಅಕ್ಕ ಇದ್ದಳು. ಅವ್ವ ಹೋದ ಮೇಲೆ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿ ನನ್ನನ್ನು ಓದಿಸಿದವಳು. ಕೂಸಿದ್ದಾಗ ಹಳೇ ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿಕೊಂಡವಳು, ಕಡೆತನಕ ಅಲ್ಲಿಗೇ ಹೋದಳು. ನಾನು ಸಭೆ ಬದಲಿಸಿದಾಗ ಒಂದು ಮಾತೂ ಅನ್ನಲಿಲ್ಲ. ನಾನೂ ಅವಳ ಮುಂದೆ ಈ ವಿಷಯ ಎತ್ತಿರಲಿಲ್ಲ. ಊರವರಿಗೆಲ್ಲ ಹೇಳುತ್ತಿದ್ದ ಸತ್ಯವನ್ನು ಅಕ್ಕನಿಗೆ ಮಾತ್ರ ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಕೇಳಿಕೊಳ್ಳಲೂ ಇಲ್ಲ.

ಹೋದ ವರ್ಷ ಅವಳ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಪೈಪು ಹಾಕಿದ್ದರು, ಅದಕ್ಕೆ ನೀರು ತಾಗಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಅವಳ ಮಗಳು ಕೆಲಸ ಬಿಟ್ಟು ಬಂದು ನೋಡಿಕೊಳ್ಳುತ್ತಿದ್ದಳು. ಊರಲ್ಲೇ ಇದ್ದೀಯಲ್ಲ, ಹೋಗಿ ಪ್ರಾರ್ಥನೆ ಮಾಡಿ ಬಾ ಎಂದು ನೇಕಾರನಿಗೆ ನಾನೇ ಫೋನಿನಲ್ಲಿ ಹೇಳಿದೆ.

ಮರುದಿನ ನಾನು ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಾತಿತ್ತು.

"ತಮ್ಮಾ, ನಿನ್ನ ಶಿಷ್ಯಾ ಬಂದಿದ್ದ. ನೀವು ಮುಳುಗೀರೇನ್ರೀ ಅಂತ ಕೇಳಿದ. ಇಲ್ಲ ಅಂದೆ. ಹಂಗಾದ್ರ ತಡಾ ಮಾಡಬ್ಯಾಡ್ರಿ ಅಂದ."

"ಅದನ್ನ ತಲಿಗೆ ಹಚ್ಚಿಕೋಬ್ಯಾಡಕ್ಕಾ."

"ಕಳ್ಳಗ ಸ್ವರ್ಗ ಸಿಕ್ಕಿತಲ್ಲಪಾ ಅಂದೆ. ಆತ ಅದಕ್ಕೂ ಹೇಳಿದ. ಯಾರು ಕಲಿಸಿದ್ರು ಇದನ್ನ ಅಂದೆ. ನಿಮ್ಮ ತಮ್ಮನೇ ಕಲಿಸ್ಯಾರ್ರೀ ಅಂದ." ಸ್ವಲ್ಪ ದಮ್ಮು ಹಿಡಿದು ಕೇಳಿದಳು, "ಖರೆ ಏನು?"

ನಾನು ದೇವರು ದಯಾಳು ಅಂದೆ, ಮನಸ್ಸು ನೋಡುತ್ತಾನೆ ಅಂದೆ. ತರಗತಿಯಲ್ಲಿ ಯಾರಾದರೂ ಹಾಗೆ ಅಂದಿದ್ದರೆ 'ವಾಕ್ಯ ಎಲ್ಲೈತಿ, ತೋರಸ್ರಿ' ಎಂದು ಕೂರಿಸಿಬಿಡುತ್ತಿದ್ದೆ.

"ಮಂದಿಗೊಂದು, ನನಗೊಂದು ಹೇಳಾಕತ್ತಿ ನೀ," ಅಂದಳು ಅಕ್ಕ. "ನನ್ನ ಹೊಳಿಗೆ ಕರ್ಕೊಂಡು ನಡಿ, ಮುಳುಗಿ ಬರತೀನಿ."

ಡಾಕ್ಟರ ಮಾತು ನೆನಪಿಸಿದೆ. ಆರಾಮ ಆಗಲಿ, ನಾನೇ ಕರೆದೊಯ್ಯುತ್ತೇನೆ ಅಂದೆ. ಆರಾಮ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ನಾನು ಹೋದಾಗೆಲ್ಲ ಅವಳು ಅದನ್ನೇ ಕೇಳಿದಳು, ನಾನು ಅದನ್ನೇ ಹೇಳಿದೆ. ಒಂಬತ್ತನೆಯ ದಿನ ಸತ್ತಳು.

ಹಳೇ ಚರ್ಚಿನ ಅಯ್ಯನವರು ಮಣ್ಣು ಮಾಡಿಸಿದರು. ನೇಕಾರ ಬಂದಿದ್ದ. ಅವನಿಗೂ ಪ್ರಾರ್ಥಿಸಲು ಹೇಳಿದರೆ, ಉಳಿದವರಿಗೆ ಸಮಾಧಾನ ಸಿಗಲಿ ಎಂದಷ್ಟೇ ಬೇಡಿದ. ಸತ್ತವಳ ಬಗ್ಗೆ ಒಂದು ಮಾತಿಲ್ಲ. ಸತ್ತವರಿಗೆ ರಕ್ಷಣೆಯ ನಿರೀಕ್ಷೆ ಇಲ್ಲದಲ್ಲಿ ಇದೆ ಎಂದು ಹೇಳಬಾರದು ಎಂಬುದೂ ನನ್ನದೇ ಪಾಠವಾಗಿತ್ತು.

ಮುಂದಿನ ತರಗತಿಯಲ್ಲಿ ನಾನು ಎದ್ದು ನಿಂತು, ಕಳ್ಳನ ಬಗ್ಗೆ ನಾನು ಹೇಳಿಕೊಟ್ಟ ಉತ್ತರ ತಪ್ಪು, ಬಿಟ್ಟುಬಿಡಿ ಅಂದೆ. ನೇಕಾರನೇ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು, ಅದೇ ನನಗೆ ಹೆಚ್ಚು ಚುಚ್ಚಿತು.

"ನಿಮ್ಮ ದುಃಖ ನನಗ ತಿಳೀತೈತ್ರಿ ಸರ್. ಆದ್ರ ವಾಕ್ಯ ತೋರಸ್ರಿ."

ಸತ್ಯವೇದ ಕೈಯಲ್ಲೇ ಇತ್ತು. ನಾನು ಯಾವ ಪುಟ ತೆಗೆದರೂ ಅದಕ್ಕೆ ಅವನು ಏನನ್ನುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು. ಕೂತುಬಿಟ್ಟೆ.

ಈಗ ಆ ತರಗತಿ ಮಹಾಲಿಂಗಪುರದಲ್ಲಿ ನಡೆಯುತ್ತದೆ, ನೇಕಾರನೇ ಕಲಿಸುತ್ತಾನೆ. ಮೊದಲಿಗಿಂತ ಹೆಚ್ಚು ಮಂದಿ ಬರುತ್ತಾರಂತೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ. ಅವನು ನಂಬಿದ್ದನ್ನು ಹೇಳಿದ. ನಾನು ನಂಬಿದ್ದೆನೋ, ಗೆಲ್ಲುವುದನ್ನಷ್ಟೇ ಕಲಿತಿದ್ದೆನೋ, ಈಗಲೂ ಗೊತ್ತಿಲ್ಲ.

ಅಕ್ಕನ ಮನೆ ಖಾಲಿ ಮಾಡುವ ದಿನ ಸಾಮಾನು ಕಟ್ಟಲು ಹೋಗಿದ್ದೆ. ಅವಳ ಮಗಳು ಹಾಸಿಗೆ ಸುತ್ತುತ್ತಿದ್ದಳು. ನಾನು ಏನೋ ಸಮಾಧಾನ ಹೇಳಹೋದೆ. ಅವಳು ತಲೆ ಎತ್ತಲಿಲ್ಲ.

"ಅವ್ವ ಬ್ಯಾನಿಗೆ ಹೆದರಿರಲಿಲ್ಲ ಮಾಮಾ. ಸಾಯಾಕೂ ಹೆದರಿರಲಿಲ್ಲ. ನಿಮ್ಮ ಶಿಷ್ಯಾ ಬಂದು ಹೋದ ಮ್ಯಾಲ ಹೆದರಿದಳು. ಹೆದರಕೋತನ ಹೋದಳು."

ಹಾಸಿಗೆಯ ಇನ್ನೊಂದು ತುದಿ ಹಿಡಿಯಲು ಕೈ ಚಾಚಿದೆ. "ಬ್ಯಾಡ್ರಿ," ಅಂದಳು, "ನಾ ಕಟ್ಟತೀನಿ."