ಪೆಟ್ಟಿಗೆಯೊಳಗೆ ಕೂತ ಚೀಸು

ಅನ್ಸೆಲ್ಮನ ಸುದ್ದಿ ಸಲೊಮೆಯ ಕಿವಿಗೆ ಮೊದಲು ಬಿದ್ದದ್ದು ಕೋಸು ಹೆಚ್ಚಿ ಜಾಡಿಗೆ ತುಂಬುತ್ತಿದ್ದ ದಿನ. ಗಂಡ ತೀರಿಹೋಗಿ ವರ್ಷ ತುಂಬಿತ್ತು. ಪಕ್ಕದ ಮನೆ ಬೆರ್ತ ಬೇಲಿಯಾಚೆಯಿಂದಲೇ ಕೂಗಿದಳು.

“ಲೇ ಸಲೊಮೆ, ನಿನ್ನ ಮಹಡಿ ಕೋಣೆಗೆ ಒಬ್ಬ ಬರ್ತಾನಂತೆ ಕಣೇ. ತಿಂಗಳಿಗೆ ನಾಲ್ಕೇ ದಿನ. ಬ್ರಸೆಲ್ಸಿನವನು, ಸಂಸತ್ತಲ್ಲಿ ದಫೇದಾರ.”

“ಮಿಕ್ಕ ದಿನ ಏನ್ ಮಾಡ್ತಾನಂತೆ?”

“ಅಲ್ಲಿ ಪೆಟ್ಟಿಗೆ ಇಳಿಸ್ತಾನೆ. ಇಲ್ಲಿ ಬಂದು ಮತ್ತೆ ಅದೇ ಪೆಟ್ಟಿಗೆ ಇಳಿಸ್ತಾನೆ.”

ಬೆರ್ತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಿಂಗಳಿಗೊಮ್ಮೆ ಯೂರೋಪಿನ ಸಂಸತ್ತಿಗೆ ಸಂಸತ್ತೇ ಬ್ರಸೆಲ್ಸಿನಿಂದ ಸಲೊಮೆಯ ಊರಾದ ಸ್ಟ್ರಾಸ್‌ಬರ್ಗಿಗೆ ಗುಳೆ ಬರುತ್ತದೆ. ಒಬ್ಬೊಬ್ಬ ಸದಸ್ಯರ ಬಾಗಿಲ ಮುಂದೂ ಒಂದೊಂದು ಪೆಟ್ಟಿಗೆ. ಕಾಗದಪತ್ರ ತುಂಬಿ ಲಾರಿಗೆ ಹೇರಬೇಕು, ಸೋಮವಾರ ಇಲ್ಲಿ ಇಳಿಸಬೇಕು, ಗುರುವಾರ ಮತ್ತೆ ಹೇರಬೇಕು. ಅನ್ಸೆಲ್ಮ್ ಕಪ್ಪು ಕೋಟು ಹಾಕಿ, ಕೊರಳಿಗೆ ಸರಪಳಿ ಇಳಿಬಿಟ್ಟು, ತಾನೇ ಒಂದು ದೇಶದ ಮಂತ್ರಿಯೇನೋ ಅನ್ನುವ ಗತ್ತಿನಲ್ಲಿ ಆ ಪೆಟ್ಟಿಗೆಗಳ ನಡುವೆ ಓಡಾಡುತ್ತಿದ್ದ.

“ಇಷ್ಟೆಲ್ಲ ಯಾಕ್ರೀ ದಫೇದಾರ್ರೇ? ಒಂದೇ ಕಡೆ ಕೂತು ಜಗಳ ಆಡೋಕಾಗಲ್ವಾ?” ಮೊದಲ ರಾತ್ರಿಯೂಟಕ್ಕೇ ಸಲೊಮೆ ಕೇಳಿದಳು.

“ಒಪ್ಪಂದದಲ್ಲೇ ಬರೆದುಬಿಟ್ಟಿದಾರೆ ಮೇಡಮ್. ಬದಲಾಯಿಸ್ಬೇಕಾದ್ರೆ ಅಷ್ಟೂ ದೇಶದೋರು ಹೂಂ ಅನ್ಬೇಕು. ಒಬ್ರು ಊಹೂಂ ಅಂದ್ರೂ ಮುಗೀತು.”

“ಯಾರಪ್ಪಾ ಆ ಊಹೂಂ ಅನ್ನೋ ಪುಣ್ಯಾತ್ಮರು?”

“ನೀವೇ. ನಿಮ್ಮ ಫ್ರಾನ್ಸು.”

ಸಲೊಮೆಗೆ ಹಿಗ್ಗಾಯಿತು. ಅವನ ತಟ್ಟೆಗೆ ಇನ್ನೊಂದು ಸಾಸೇಜು ಬಿತ್ತು.

ಅಲ್ಲಿಂದ ಅಡುಗೆಮನೆಗೂ ಅದೇ ಕಾನೂನು ಬಂತು. ಕಿಟಕಿ ತೆರೆಯಬೇಕೇ, ಬೆಕ್ಕನ್ನು ಒಳಗೆ ಬಿಡಬೇಕೇ, ಎಲ್ಲಕ್ಕೂ ಅನ್ಸೆಲ್ಮ್ ಕೈ ಎತ್ತಿಸುತ್ತಿದ್ದ. ಇದ್ದವರೇ ಇಬ್ಬರು, ಒಬ್ಬರು ಒಪ್ಪದಿದ್ದರೆ ಕಿಟಕಿ ಇದ್ದ ಹಾಗೇ ಇರುತ್ತಿತ್ತು. ಹೀಗೆ ಹದಿನೈದು ವರ್ಷ ಕಳೆಯಿತು.

ಅನ್ಸೆಲ್ಮನಿಗೆ ಈ ಊರ ಕಡೆಯ ಮುನ್‌ಸ್ಟರ್ ಚೀಸೆಂದರೆ ಪ್ರಾಣ. ನಾಲಿಗೆಗೆ ಬೆಣ್ಣೆ, ಮೂಗಿಗೆ ದನದ ಕೊಟ್ಟಿಗೆ. ಒಂದು ಸಲ ರೈಲಿನಲ್ಲಿ ಜೊತೆಯ ದಫೇದಾರರು ಆ ಚೀಸನ್ನೂ ಅದರ ಜೊತೆಗೆ ಅವನನ್ನೂ ಬೋಗಿಯಿಂದ ಹೊರಗೆ ನಿಲ್ಲಿಸಿದ್ದರು. ಅದಕ್ಕೇ ಹದಿನೈದನೇ ವರ್ಷದ ಜುಲೈನಲ್ಲಿ, ಸಂಸತ್ತಿನ ಬೇಸಿಗೆ ರಜೆಗೆ ಮುಂಚೆ, ಸಲೊಮೆ ಕೊಟ್ಟ ಇಡೀ ಚೀಸನ್ನು ಅವನು ಒಂದು ಪೆಟ್ಟಿಗೆಯ ತಳಕ್ಕೆ ಇಟ್ಟ. ಕಾಗದ ಬಿಟ್ಟು ಬೇರೇನೂ ಇಡಕೂಡದೆಂದು ನಿಯಮವಿತ್ತು. ನಾಳೆ ಬೆಳಿಗ್ಗೆ ಬ್ರಸೆಲ್ಸಿನಲ್ಲಿ ತೆಗೆದರಾಯಿತು ಅಂದುಕೊಂಡ.

ಪೆಟ್ಟಿಗೆ ಫಿನ್ಲೆಂಡಿನ ಸದಸ್ಯೆ ಹಿಲ್ಕಾಳದು. ಆಕೆ ಲಾರಿ ಹೊರಡುವ ಮುಂಚೆ ಬಂದು ಬೀಗ ಜಡಿದು, ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡು, ರಜೆಗೆಂದು ತನ್ನೂರಿನ ಸರೋವರಕ್ಕೆ ಹೊರಟುಹೋದಳು.

ಮರುದಿನ ಫೋನು ಬಂತು. “ಮೇಡಮ್, ಚೀಸು ಒಳಗಿದೆ, ಬೀಗ ಹೊರಗಿದೆ.”

“ಯಾವಾಗ ತೆಗೀತಾರ್ರೀ?”

“ಆಗಸ್ಟ್ ಕೊನೇಲಿ.”

“ಅಯ್ಯೋ ದೇವರೇ!” ಎಂದು ಸಲೊಮೆ ಕುರ್ಚಿ ಹುಡುಕಿಕೊಂಡು ಕೂತಳು.

ಆಗಸ್ಟ್ ನಡುವಿಗೆ ಬ್ರಸೆಲ್ಸಿನಲ್ಲಿ ಪೆಟ್ಟಿಗೆಯಿದ್ದ ಮಹಡಿಯ ಚರಂಡಿ ಒಡೆದಿದೆಯೆಂದು ಎರಡು ಸಲ ಕೊಳಾಯಿಯವರನ್ನು ಕರೆಸಿದ್ದರಂತೆ. ಕೊನೆಗೆ ಪೆಟ್ಟಿಗೆ ತೆರೆದಾಗ ಅನ್ಸೆಲ್ಮ್ ತಾನೇ ಮುಂದೆ ಬಂದು ಒಪ್ಪಿಕೊಂಡ. ಹಿಲ್ಕಾ ಲಿಖಿತ ದೂರು ಕೊಟ್ಟರೆ ಕೆಲಸ ಹೋಯಿತೆಂದೇ ಲೆಕ್ಕ ಎಂದರು ಮೇಲಿನವರು. ಪಿಂಚಣಿಗೆ ಎರಡೇ ವರ್ಷವಿತ್ತು. ಸೆಪ್ಟೆಂಬರಿನಲ್ಲಿ ಅವನು ಬಂದು ಊಟದ ಮುಂದೆ ಕೂತ, ತುತ್ತು ಎತ್ತಲಿಲ್ಲ. ಕಿಟಕಿಯ ಬಗ್ಗೆ ಕೈಯನ್ನೂ ಎತ್ತಲಿಲ್ಲ. ಸಲೊಮೆಗೆ ಅದು ನೋಡಲಾಗಲಿಲ್ಲ.

“ಆಯಮ್ಮ ಯಾವ ಕಡೆ ಕೂರ್ತಾಳೆ, ಅಷ್ಟು ಹೇಳಿ ಸಾಕು” ಎಂದಳು.

ಮಾರನೇ ದಿನ ಈರುಳ್ಳಿ ಟಾರ್ಟು ಬೇಯಿಸಿ, ಚರ್ಚಿಗೆ ಹೋಗುವ ಕೋಟು ತೊಟ್ಟು ಸಂಸತ್ತಿಗೆ ಹೊರಟಳು. ಬಾಗಿಲ ಕಾವಲಿನವರು ಟಾರ್ಟನ್ನು ಯಂತ್ರದೊಳಗೆ ತೂರಿಸಿ, ಅದರ ಹೊಟ್ಟೆಯಲ್ಲೇನಿದೆ ಎಂದು ನೋಡಿದರು. ಹೇಳಿಕಳಿಸಿದ ಮೇಲೆ ಹಿಲ್ಕಾ ಕೆಳಗಿಳಿದು ಬಂದಳು. ಬರ್ಚ್ ಮರದಂಥ ಬೆಳ್ಳಗಿನ, ನೀಳ ಹೆಂಗಸು.

“ಇದು ಲಂಚಾನಾ?”

“ಅಲ್ಲಮ್ಮ, ಈರುಳ್ಳಿ.”

“ಜಾಸ್ತಿ ಬೆಲೆಯ ಉಡುಗೊರೆ ನಾವು ಮುಟ್ಟೋ ಹಾಗಿಲ್ಲ. ಎಷ್ಟಾಗುತ್ತೆ ಇದು?”

“ಮೊಟ್ಟೆ, ಕೆನೆ ಎಲ್ಲಾ ಸೇರಿ ಒಂಬತ್ತು ಯೂರೊ. ಹೆಚ್ಚುವಾಗ ಸುರಿದ ಕಣ್ಣೀರು ಪುಕ್ಕಟೆ.”

ಹಿಲ್ಕಾ ನಿಂತಲ್ಲೇ ಒಂದು ಚೂರು ತಿಂದಳು. ಇನ್ನೊಂದು ಚೂರೂ ಹೋಯಿತು.

“ಚೀಸು ಕಟ್ಟಿಕೊಟ್ಟೋಳು ನಾನು ತಾಯಿ. ಅವರ ಅನ್ನ ಕಿತ್ಕೋಬೇಡಿ.” ಸಲೊಮೆ ಮೂರನೇ ಚೂರನ್ನು ಅವಳತ್ತ ಸರಿಸಿದಳು.

“ನನ್ನ ಮೀನುಗಾರಿಕೆ ಭಾಷಣ ಆ ಪೆಟ್ಟಿಗೇಲಿತ್ತು, ಗೊತ್ತಾ? ಅದನ್ನ ಓದೋಕೆ ನಿಂತ್ರೆ ಮುಂದಿನ ಮೂರು ಸಾಲು ಖಾಲಿಯಾಯ್ತು.” ಹಿಲ್ಕಾ ಬೆರಳು ಚೀಪಿದಳು. “ಅದಕ್ಕೆ ಮುಂಚೇನೂ ಖಾಲೀನೇ ಇರ್ತಿತ್ತು ಬಿಡಿ. ಈಗ ಹೇಳ್ಕೊಳ್ಳೋಕೆ ಒಂದು ಕಾರಣ ಸಿಕ್ತು. ದೂರು ಗೀರು ಏನೂ ಇಲ್ಲ. ಪಾತ್ರೆ ನಾಳೆ ಕಳಿಸ್ತೀನಿ.”

ಅನ್ಸೆಲ್ಮ್ ಎರಡು ವರ್ಷದ ಮೇಲೆ ಮರ್ಯಾದೆಯಿಂದ ನಿವೃತ್ತನಾದ. ಆಮೇಲೂ ಸಂಸತ್ತು ಬರುವ ವಾರ ಅವನೂ ಬರುತ್ತಿದ್ದ. ಕೆಲಸವಿಲ್ಲ, ಕೋಟಿಲ್ಲ, ಆದರೂ ಸೋಮವಾರಕ್ಕೆ ಬಂದು ಗುರುವಾರಕ್ಕೆ ಹೊರಡುತ್ತಿದ್ದ. “ನನ್ನ ಕುರ್ಚಿ ತೆಗೀಬೇಕಾದ್ರೆ ಸರ್ವಾನುಮತ ಬೇಕು” ಅನ್ನುತ್ತಿದ್ದ. ಸಲೊಮೆ ಎಂದೂ ಕೈ ಎತ್ತಲಿಲ್ಲ.

ಕಡೆಯ ಸಲ ಅವನ ದನಿ ಕೇಳಿದ್ದು ಫೋನಿನಲ್ಲಿ. ಬ್ರಸೆಲ್ಸಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದ, ಉಸಿರು ಸಣ್ಣಗಿತ್ತು.

“ಇಲ್ಲಿ ಊಟಕ್ಕೆ ಉಪ್ಪಿಲ್ಲ ಮೇಡಮ್, ವಾಸನೆಯಂತೂ ಇಲ್ಲವೇ ಇಲ್ಲ. ಗುರುವಾರ ಪೆಟ್ಟಿಗೆಗಳು ಹೊರಡ್ತವೆ. ಹಳೇ ದಫೇದಾರರು ಯಾರಾದ್ರೂ ಸಿಕ್ಕಿದ್ರೆ ಒಂದು ಮುನ್‌ಸ್ಟರ್ ಇಟ್ಟು ಕಳಿಸ್ತೀರಾ?”

“ಪೆಟ್ಟಿಗೇಲಾ? ನಿಮಗೆ ಬುದ್ಧಿ ಬರೋದು ಯಾವಾಗ್ರೀ?”

“ಇನ್ನೇನು, ನನ್ನ ಕೆಲಸದಿಂದ ತೆಗೀತಾರಾ? ಕೀಲಿ ಯಾರ ಹತ್ರ ಇದೆ ಅಂತ ಮಾತ್ರ ಮೊದಲು ಕೇಳ್ಕೊಳ್ಳಿ.”