ಸದ್ದು ತಗ್ಗಿಸಿ ಕೇಳುವ ಕಿವಿಯಕ್ಕ

ಬೆಳಗಿನ ಐದೂವರೆ. ಬಂದರಿನ ಕಾವಲು ಕಟ್ಟಡದ ಎರಡನೇ ಮಹಡಿ, ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆ. ಐವತ್ತಾರರ ಹೆಂಗಸೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಾರೆ. ನೀರಿನಡಿಯ ಹನ್ನೊಂದು ಮೈಕುಗಳು ತಂದು ಸುರಿಯುವ ಸದ್ದನ್ನು ಜರಡಿ ಹಿಡಿಯುವುದು ಇವರ ಕೆಲಸ. "ಮೂರು ರೆಕ್ಕೆಯ ಪ್ರೊಪೆಲರ್. ಒಂದರ ಅಂಚು ಮುಕ್ಕಾಗಿದೆ," ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಆ ದೋಣಿ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ಬಂದರಿಗೆಲ್ಲ ಇವರು ಕಿವಿಯಕ್ಕ. ಇಪ್ಪತ್ತೆಂಟು ವರ್ಷದ ನೌಕರಿ, ಆರು ಗಂಟೆಯ ಪಾಳಿ. ನಲವತ್ತು ನಿಮಿಷಕ್ಕೊಮ್ಮೆ ಬಿಡುವು ಕಡ್ಡಾಯ. ದಣಿದ ಕಿವಿ ಇಲ್ಲದ್ದನ್ನು ಕೇಳಿಸುತ್ತದೆ, ಇದ್ದದ್ದನ್ನು ನುಂಗುತ್ತದೆ. "ಸಮುದ್ರದ ತಳದಲ್ಲಿ ಮೀನು ಸೀನಿದ್ರೂ ಇವಳಿಗೆ ಕೇಳತ್ತೆ. ಪಕ್ಕದಲ್ಲಿ ಕೂತು ನಾನು ಕರೆದ್ರೆ ಕೇಳಲ್ಲ," ಎಂದು ಗಂಡನ ತಕರಾರು.

ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಹಡಗಿನ ತಳ ಉಜ್ಜಲು ಮುಳುಗುಗಾರನೊಬ್ಬ ನೀರಿಗಿಳಿದಿದ್ದ. ಪಕ್ಕದಲ್ಲೇ ಹೂಳೆತ್ತುವ ಯಂತ್ರ ಗುಡುಗತೊಡಗಿತು. ಕಾವಲಿಗೆಂದು ಮೈಕಿನಲ್ಲಿ ಕೇಳುತ್ತಿದ್ದ ಅವನ ಉಸಿರಿನ ಸದ್ದು ಅದರಡಿ ಹೂತುಹೋಯಿತು. ಪಕ್ಕದ ಸಹೋದ್ಯೋಗಿ ಸದ್ದು ಏರಿಸಲು ಕೈ ಚಾಚಿದರು. ಕಿವಿಯಕ್ಕ ತಡೆದರು.

"ಏರಿಸಿದ್ರೆ ಗುಡುಗೂ ಏರತ್ತಲ್ಲ. ದಪ್ಪ ಸದ್ದು ಜೋರಾದಷ್ಟೂ ಸಣ್ಣ ಸದ್ದನ್ನ ಮುಚ್ಚಿಹಾಕತ್ತೆ. ಮನುಷ್ಯರ ಕಿವಿ ಇರೋದೇ ಹಾಗೆ. ಅದಕ್ಕೆ ತಗ್ಗಿಸಿದೆ, ಗುಡುಗಿನ ಭಾಗ ಕತ್ತರಿಸಿದೆ," ಎಂದು ಈಗ ವಿವರಿಸುತ್ತಾರೆ.

ಉಸಿರು ಕೇಳಿಸಿತು. ನಾಲ್ಕು ಸೆಕೆಂಡಿಗೊಮ್ಮೆ ಬರುತ್ತಿದ್ದದ್ದು ಎರಡಕ್ಕಿಳಿದಿತ್ತು. ಕೂಡಲೇ ದಡಕ್ಕೆ ಫೋನ್ ಮಾಡಿದರು. ಇನ್ನೊಬ್ಬ ಮುಳುಗುಗಾರ ಇಳಿದು ನೋಡಿದರೆ, ಹಳೆಯ ಹಗ್ಗವೊಂದು ಇವನ ಕಾಲಿಗೆ ಸುತ್ತಿಕೊಂಡಿತ್ತು. ಕತ್ತರಿಸಿ ಮೇಲೆ ತಂದರು. ಜೀವ ಉಳಿಯಿತು.

ಕಳೆದ ವರ್ಷದ ಕಿವಿ ಪರೀಕ್ಷೆಯಲ್ಲಿ ಇವರು ಪಾಸಾದರು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಹಗ್ಗಕ್ಕೆ ಸಿಕ್ಕಿದ್ದ ಆ ಮುಳುಗುಗಾರನ ಧ್ವನಿಮುದ್ರಣ ಹಾಕಿ ಕೇಳಿದರು: ಉಸಿರಿನ ತುದಿಯಲ್ಲಿದ್ದ ಸಣ್ಣ ಸಿಳ್ಳಿನಂಥ ದನಿ ಮಾಯ. ಸಹೋದ್ಯೋಗಿಗೆ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ವಯಸ್ಸು ಮೊದಲು ಕಿತ್ತುಕೊಳ್ಳುವುದು ಆ ಸಣ್ಣ ದನಿಗಳನ್ನೇ.

ಬಿಟ್ಟುಕೊಡಿ ಎಂದು ಯಾರೂ ಹೇಳಿರಲಿಲ್ಲ. ತಾವೇ ಹೋಗಿ ಮೇಲಧಿಕಾರಿಗೆ ಹೇಳಿದರು, ಮುಳುಗುಗಾರರ ಕಾವಲನ್ನು ಬಿಟ್ಟುಕೊಟ್ಟರು. ಅಂದು ಮನೆಗೆ ಹೋಗಿ ಊಟ ಮಾಡಲಿಲ್ಲ. ಗಂಡ ಟಿವಿ ಆರಿಸಿ ಪಕ್ಕದಲ್ಲಿ ಕೂತರು.

ಈಗ ಇವರ ಪಾಲಿಗಿರುವುದು ದೋಣಿ, ಹಡಗುಗಳ ದಪ್ಪ ಸದ್ದು. ಅಲ್ಲಿ ಇಂದಿಗೂ ಇವರ ಮಾತಿಗೆ ಎದುರಿಲ್ಲ. ಆದರೆ ನೀರಿಗಿಳಿಯುವವರು ಅಭ್ಯಾಸಬಲದಿಂದ ಇವರಿಗೇ ಫೋನ್ ಮಾಡುತ್ತಾರೆ.

"ಅಕ್ಕಾ, ನೀವೇ ತಾನೆ ಕೇಳ್ತಿರೋದು ಅಂತಾರೆ. ನಾನಲ್ಲಪ್ಪ, ನನಗಿಂತ ಚೆನ್ನಾಗಿ ಕೇಳೋರು ಕೂತಿದಾರೆ, ಧೈರ್ಯವಾಗಿ ಇಳಿ ಅಂತೀನಿ. ಮೊದಮೊದಲು ಹಾಗೆ ಹೇಳೋಕೆ ಕಷ್ಟ ಆಗ್ತಿತ್ತು. ಈಗಿಲ್ಲ."