ಸುಲಭಾ ಮತ್ತು ರಕ್ತನಿಧಿಯ ಪಾಸ್‌ವರ್ಡ್

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಸುಲಭಾ ಫೋನನ್ನು ಚೀಲದೊಳಗೆ ಇಡುತ್ತಿರಲಿಲ್ಲ, ಕೈಯಲ್ಲೇ ಹಿಡಿದಿರುತ್ತಿದ್ದಳು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಸರ್ವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಅವಳಿಗಿಂತ ಮೊದಲು ಆ ಜಾಗದಲ್ಲಿದ್ದ ಮಿಲಿಂದ ಯಾರಿಗೂ ಇಲ್ಲವೆನ್ನದ ಮನುಷ್ಯ. ಯಾವ ವಿಭಾಗದವರು ಯಾವ ಸಾಫ್ಟ್‌ವೇರ್ ತೆರೆಯುತ್ತಿಲ್ಲವೆಂದು ದೂರಿದರೂ ಅವರಿಗೆ ಅಡ್ಮಿನ್ ಅಧಿಕಾರ ಕೊಟ್ಟುಬಿಡುತ್ತಿದ್ದ. ಹೀಗೆ ಅರ್ಧ ಆಸ್ಪತ್ರೆ ಸರ್ವರಿನ ಯಜಮಾನಿಕೆ ಪಡೆದಿತ್ತು. ಕೊನೆಗೊಂದು ದಿನ ಯಾರೋ ಜಾಗ ಖಾಲಿ ಮಾಡಲು ಹೋಗಿ ಎಕ್ಸ್‌ರೇ ಚಿತ್ರಗಳ ಫೋಲ್ಡರನ್ನೇ ಅಳಿಸಿದರು. ಮಿಲಿಂದ ಪುಣೆಗೆ ಹೊರಟುಹೋದ. ಸುಲಭಾ ಬಂದವಳೇ ಎಲ್ಲರ ಅಧಿಕಾರ ಕಿತ್ತುಕೊಂಡಳು.

ಅದರಿಂದ ಹೆಚ್ಚು ಪೆಟ್ಟು ತಿಂದದ್ದು ರಕ್ತನಿಧಿ. ಅಲ್ಲಿನ ಸಾಫ್ಟ್‌ವೇರ್ ಬರೆದುಕೊಟ್ಟ ಕಂಪನಿ ಯಾವತ್ತೋ ಮುಚ್ಚಿಹೋಗಿತ್ತು. ಇಡೀ ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಹಾಕದಿದ್ದರೆ ಅದು ತೆರೆದುಕೊಳ್ಳುತ್ತಲೇ ಇರಲಿಲ್ಲ. ಸುಲಭಾ ಪ್ರತಿ ಮುಂಜಾನೆ ಕೆಳಗಿಳಿದು ಹೋಗಿ ತಾನೇ ಟೈಪು ಮಾಡಿ ತೆರೆದುಕೊಡುತ್ತಿದ್ದಳು. ಮಧ್ಯಾಹ್ನ ಅದು ನಿಂತುಹೋದರೆ ಮತ್ತೆ ಇಳಿಯುತ್ತಿದ್ದಳು. ರಕ್ತನಿಧಿಯ ಟೆಕ್ನಿಶಿಯನ್ ಅಬೀದಾ, ಹಳೇ ಹುಬ್ಬಳ್ಳಿಯವಳು, ಸುಲಭಾ ಟೈಪು ಮಾಡುವಾಗ ಮರ್ಯಾದೆಯಿಂದ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು.

ಸುಲಭಾಳಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಶಸ್ತ್ರಚಿಕಿತ್ಸೆಯನ್ನು ಅವಳು ಆಗಲೇ ಎರಡು ಸಲ ಮುಂದೆ ಹಾಕಿದ್ದಳು. ಗಂಡ ಕಪಿಲ ಸಿಟ್ಟು ಮಾಡಿಕೊಂಡಾಗ, ತಾನು ಮಲಗಿದರೆ ರಕ್ತನಿಧಿಯ ಪಾಸ್‌ವರ್ಡ್ ಯಾರು ಹಾಕುತ್ತಾರೆ ಎಂದು ಕೇಳಿದ್ದಳು. ಅವನಿಗೆ ಅದು ಅರ್ಥವಾಗಲಿಲ್ಲ. ಅವಳಿಗೂ ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ.

ಒಂದು ದಿನ ಬಸ್ಸು ಇನ್ನೂ ನವಲೂರು ದಾಟಿರಲಿಲ್ಲ, ಅಬೀದಾಳ ಫೋನು ಬಂತು. ಹೆರಿಗೆ ವಾರ್ಡಿನಲ್ಲಿ ಒಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಅಪರೂಪದ ಗುಂಪು. ಯಾವ ರಕ್ತದ ಚೀಲ ಪರೀಕ್ಷೆ ಮುಗಿಸಿ ತಯಾರಿದೆ ಎಂಬುದು ಸಾಫ್ಟ್‌ವೇರಿನೊಳಗೇ ಇತ್ತು, ಅದು ತೆರೆಯುತ್ತಿರಲಿಲ್ಲ.

"ಅಕ್ಕಾರ, ನೀವು ಬರೂತನಾ ಕಾಯಾಕ ಆಗಂಗಿಲ್ರಿ," ಎಂದಳು ಅಬೀದಾ.

ಸುಲಭಾ ಕಿಟಕಿಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ಪಾಸ್‌ವರ್ಡ್ ಹೇಳಿದಳು. ಆ ಕಡೆ ಅಬೀದಾ ತಪ್ಪಾಗಬಾರದೆಂದು ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಹೇಳುತ್ತ ಟೈಪು ಮಾಡಿದಳು. ಅವಳ ಸುತ್ತ ಯಾರೋ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ರಕ್ತದ ಚೀಲ ವಾರ್ಡಿಗೆ ಹೋಯಿತು. ಬಾಣಂತಿ ಉಳಿದಳು. ಸುಲಭಾ ಆಸ್ಪತ್ರೆ ಮುಟ್ಟಿದ ಕೂಡಲೇ ಪಾಸ್‌ವರ್ಡ್ ಬದಲಿಸಿದಳು. ಆದರೂ ನಡುವಿನ ಆ ಹೊತ್ತಿನಲ್ಲಿ ಯಾರು ಏನು ಮಾಡಿರಬಹುದೆಂದು ಹುಡುಕುತ್ತ ಊಟ ಮರೆತಳು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದು ಅವಳಿಗೆ ಸಮಾಧಾನ ತರಲಿಲ್ಲ.

ಅಬೀದಾಳಿಗೆ ಅಡ್ಮಿನ್ ಅಧಿಕಾರ ಕೊಡದೆ, ಆ ಒಂದೇ ಸಾಫ್ಟ್‌ವೇರನ್ನು ಮಾತ್ರ ತೆರೆಯಲು ಬಿಡಬೇಕು. ಸುಲಭಾ ದಾರಿ ಹುಡುಕಿದಳು. ಅಬೀದಾಳ ಪರದೆಯ ಮೇಲೆ ಒಂದು ಹೊಸ ಗುರುತು ಇಟ್ಟಳು. ಅದನ್ನು ಒತ್ತಿದರೆ ಪಾಸ್‌ವರ್ಡ್ ಕೇಳದೆ, ಹಿಂದಿನಿಂದ ಅಡ್ಮಿನ್ ಹೆಸರಿನಲ್ಲೇ ಸಾಫ್ಟ್‌ವೇರ್ ಶುರುವಾಗುತ್ತಿತ್ತು. ಅಬೀದಾ ಒತ್ತಿದಳು, ತೆರೆಯಿತು. ಆ ದಿನ ಸುಲಭಾ ಧಾರವಾಡದ ಆಸ್ಪತ್ರೆಗೆ ಫೋನು ಮಾಡಿ ತನ್ನ ಶಸ್ತ್ರಚಿಕಿತ್ಸೆಗೆ ಸೋಮವಾರದ ದಿನ ಗೊತ್ತುಮಾಡಿಕೊಂಡಳು.

ಗುರುವಾರ ಅಬೀದಾ ಒಬ್ಬ ದಾನಿಯ ವರದಿಯನ್ನು ಸಾಫ್ಟ್‌ವೇರಿಗೆ ಸೇರಿಸುತ್ತಿದ್ದಳು. ಪರದೆಯ ಮೇಲೆ ಕಡತ ಆರಿಸುವ ಚಿಕ್ಕ ಕಿಟಕಿ ತೆರೆಯಿತು. ಸುಲಭಾ ಪಕ್ಕದಲ್ಲೇ ನಿಂತಿದ್ದಳು. ಆ ಕಿಟಕಿಯಲ್ಲಿ ರಕ್ತನಿಧಿಯ ಕಡತಗಳಷ್ಟೇ ಅಲ್ಲ, ಇಡೀ ಸರ್ವರ್ ಕಾಣುತ್ತಿತ್ತು: ಎಕ್ಸ್‌ರೇ, ಔಷಧ ವಿಭಾಗ, ರೋಗಿಗಳ ದಾಖಲೆ. ಸುಲಭಾ ಮೌಸ್ ತೆಗೆದುಕೊಂಡು ಒಂದು ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿದಳು. ಅಳಿಸು ಎಂಬ ಆಯ್ಕೆ ಬಂತು. ಪ್ರಯೋಗಕ್ಕೆಂದು ತಾನೇ ಒಂದು ಖಾಲಿ ಫೋಲ್ಡರ್ ಮಾಡಿ ಅದರ ಮೇಲೆ ಅಳಿಸು ಒತ್ತಿ ನೋಡಿದಳು. ಒಂದು ಮಾತೂ ಕೇಳದೆ ಅಳಿಸಿಹೋಯಿತು. ಸಾಫ್ಟ್‌ವೇರ್ ಅಡ್ಮಿನ್ ಹೆಸರಿನಲ್ಲಿ ಓಡುತ್ತಿದ್ದರೆ ಅದರ ಹೊಟ್ಟೆಯೊಳಗಿಂದ ತೆರೆಯುವ ಪ್ರತಿ ಕಿಟಕಿಗೂ ಅದೇ ಅಧಿಕಾರ. ಮಿಲಿಂದ ಎಲ್ಲರಿಗೂ ತಿಳಿದೇ ಕೊಟ್ಟಿದ್ದನ್ನು ತಾನು ತಿಳಿಯದೆ ಕೊಟ್ಟಿದ್ದೆನೆಂದು ಅವಳಿಗೆ ಹೊಳೆಯಿತು.

ಅವಳು ಆ ಗುರುತನ್ನು ಅಲ್ಲೇ ತೆಗೆದುಹಾಕಿದಳು.

ಅಬೀದಾಳ ಮುಖ ಸಪ್ಪಗಾಯಿತು. "ನಾ ಏನರ ತಪ್ಪ್ ಮಾಡಿದ್ನೇನ್ರಿ?"

"ನಿಂದೇನೂ ಇಲ್ಲವಾ. ನಾ ಕೊಡಬಾರದ್ದನ್ನ ಕೊಟ್ಟಿದ್ದೆ," ಎಂದಳು ಸುಲಭಾ.

ಮತ್ತೆ ದಿನಕ್ಕೆ ಎರಡು ಮೂರು ಸಲ ಮೆಟ್ಟಿಲು ಇಳಿಯುವುದು ಶುರುವಾಯಿತು. ಬಲಪಕ್ಕೆಯ ನೋವು ಬಂದಾಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಸೋಮವಾರವನ್ನು ಈ ಸಲವೂ ಮುಂದೆ ಹಾಕಬೇಕೇನೋ ಎಂದು ಕಪಿಲನಿಗೆ ಹೇಳಿದಾಗ ಅವನು ಎದ್ದು ಹೋದ.

ಆಗ ಅವಳು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿಕೊಂಡಳು: ಈ ಸಾಫ್ಟ್‌ವೇರಿಗೆ ಅಡ್ಮಿನ್ ಅಧಿಕಾರ ಬೇಕಾಗಿರುವುದಾದರೂ ಯಾತಕ್ಕೆ? ಅದು ಶುರುವಾಗುವಾಗ ಎಲ್ಲೆಲ್ಲಿ ಕೈಹಾಕುತ್ತದೆ, ಎಲ್ಲಿ ಬಾಗಿಲು ಮುಚ್ಚಿರುತ್ತದೆ ಎಂದು ಶುಕ್ರವಾರ, ಶನಿವಾರ ಕೂತು ನೋಡಿದಳು. ಅಷ್ಟೆಲ್ಲ ಗದ್ದಲ ಮಾಡುತ್ತಿದ್ದ ಸಾಫ್ಟ್‌ವೇರಿಗೆ ಬೇಕಾಗಿದ್ದದ್ದು ಸ್ವಲ್ಪ: ತನ್ನದೇ ಫೋಲ್ಡರಿನಲ್ಲಿ ಬರೆಯುವ ಅನುಮತಿ, ಮತ್ತು ನಿಂತುಹೋದಾಗ ತನ್ನದೇ ಒಂದು ಭಾಗವನ್ನು ಮತ್ತೆ ಶುರುಮಾಡುವ ಅನುಮತಿ. ಇಷ್ಟನ್ನೇ ಅಬೀದಾಳ ಹೆಸರಿಗೆ ಕೊಟ್ಟಳು. ತೆರೆಯಿತು, ಆದರೆ ರಕ್ತದ ಚೀಲಕ್ಕೆ ಅಂಟಿಸುವ ಚೀಟಿ ಮುದ್ರಣವಾಗಲಿಲ್ಲ. ಅದಕ್ಕೊಂದು ಬೇರೆ ಅನುಮತಿ ಬೇಕಿತ್ತು. ಭಾನುವಾರ ಅದೂ ಸರಿಯಾಯಿತು. ಅಬೀದಾಳನ್ನು ಕೂರಿಸಿ, ಕಡತ ಆರಿಸುವ ಕಿಟಕಿ ತೆರೆಸಿ, ಎಕ್ಸ್‌ರೇ ಫೋಲ್ಡರನ್ನು ಒತ್ತಲು ಹೇಳಿದಳು. ಅನುಮತಿ ಇಲ್ಲ ಎಂದು ಪರದೆ ಹೇಳಿತು. ಅದನ್ನು ಸುಲಭಾ ಮತ್ತೊಮ್ಮೆ ಮಾಡಿಸಿ ನೋಡಿದಳು.

ಸೋಮವಾರ ಅರಿವಳಿಕೆಯ ಕೋಣೆಗೆ ಹೋಗುವ ಮುಂಚೆ ಫೋನನ್ನು ಕಪಿಲನ ಕೈಗೆ ಕೊಟ್ಟು, ಬಂದರೆ ಎತ್ತು ಎಂದಳು. ಎಚ್ಚರಾದ ಮೇಲೆ ಮೊದಲು ಕೇಳಿದ್ದೂ ಫೋನು ಬಂದಿತ್ತೇ ಎಂದೇ. ಯಾರದೂ ಬಂದಿಲ್ಲವೆಂದ ಅವನು. ಅವಳು ನಂಬಲಿಲ್ಲ. ಫೋನು ಇಸಿದುಕೊಂಡು ಸಿಗ್ನಲ್ ಇದೆಯೇ ಎಂದು ನೋಡಿದಳು. ಸರ್ವರೇ ನಿಂತುಹೋಗಿ, ಅದನ್ನು ಹೇಳಲು ಯಾರಿಗೂ ಬಿಡುವಾಗಿಲ್ಲವೇನೋ ಅನಿಸಿತು. ತಡೆಯಲಾರದೆ ಅಬೀದಾಳಿಗೆ ಫೋನು ಮಾಡಿದಳು.

"ಮಧ್ಯಾಹ್ನ ನಿಂತಿತ್ರಿ ಅಕ್ಕಾರ," ಎಂದಳು ಅಬೀದಾ. "ನಾನ ಮತ್ತ ಚಾಲೂ ಮಾಡೇನ್ರಿ. ನಿಮಗ್ಯಾಕ ತ್ರಾಸ ಕೊಡೂದು ಅಂತ ಹೇಳಲಿಲ್ಲ."

ಎಕ್ಸ್‌ರೇದವರು ಏನಾದರೂ ದೂರಿದರೇ ಎಂದು ಸುಲಭಾ ಕೇಳಿದಳು. ಇಲ್ಲ. ಚೀಟಿ ಸರಿ ಬರುತ್ತಿದೆಯೇ? ಬರುತ್ತಿದೆ. ಇನ್ನೇನೋ ಕೇಳಬೇಕೆಂದುಕೊಂಡಳು, ನೆನಪಾಗಲಿಲ್ಲ. ಅಬೀದಾ ಅವಳಿಗೆ ಹೊಲಿಗೆಯ ನೋವು ಹೇಗಿದೆಯೆಂದು ಕೇಳಿದಳು. ಅಲ್ಲಿಯವರೆಗೆ ಸುಲಭಾ ಆ ನೋವನ್ನು ಗಮನಿಸಿರಲಿಲ್ಲ. ಈಗ ಅದು ಒಮ್ಮೆಲೇ ಏರಿಬಂತು. ಅವಳು ಫೋನಿಟ್ಟು ನರ್ಸನ್ನು ಕರೆಯಲು ಕಪಿಲನಿಗೆ ಹೇಳಿದಳು.